ಬಾಣಂತಿ ಬಚ್ಚಲಿನ ಗೀಸರ್

ಬಚ್ಚಲಿನ ನೆಲಕ್ಕೆ ಸೀಗೆಪುಡಿ ಉದುರಿಸಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಅಕ್ಕನ ಮೈಗೆ ಹಚ್ಚಿದ್ದ ಹರಳೆಣ್ಣೆ ಕಲ್ಲಿನ ಸಂದಿಗೆಲ್ಲ ಇಳಿದಿತ್ತು. ಬಾಗಿಲು ಹಾರುಹೊಡೆದಿತ್ತು. ಗೋಡೆಯ ಮೇಲಿನ ಗ್ಯಾಸ್ ಗೀಸರಿನ ಕಿಂಡಿಯಲ್ಲಿ ಸಣ್ಣ ಉರಿ ನೀಲಿಯಾಗಿ, ಅಲುಗದೆ ನಿಂತಿತ್ತು. ನಾನು ನೆಲ ತಿಕ್ಕಿ, ಎರಡು ಸಲ ತೊಳೆದು, ಕೂಸಿನ ಬಟ್ಟೆ ಹಿಂಡಿ ಮುಗಿಸುವವರೆಗೂ ಅದು ಆರಲಿಲ್ಲ.

ಅಕ್ಕ ಸ್ನಾನಕ್ಕೆ ಕೂತಾಗ ಮಾತ್ರ ಆರುತ್ತಿತ್ತು.

ಗೀಸರ್ ಭಾವನ ಕೊಡುಗೆ. ಭಾವ ಹರ್ಷವರ್ಧನ್‌ಗೆ ಹಾಸನದಲ್ಲಿ ಕೆಲಸ. ಡಿಪ್ಲೊಮಾ ಮಾಡಿದ್ದಾರೆ, ಕಾಫಿ ತಂದುಕೊಟ್ಟವರಿಗೂ ಅದನ್ನು ಹೇಳುತ್ತಾರೆ. ಅಕ್ಕ ಅನುಶ್ರೀ ಬಾಣಂತನಕ್ಕೆ ಸಾಲಗಾಮೆಯ ನಮ್ಮ ಮನೆಗೆ ಬಂದಾಗ, ಹಂಡೆ ಒಲೆಯ ಹೊಗೆ ತಮ್ಮ ಮಗನಿಗೆ ಆಗುವುದಿಲ್ಲವೆಂದು ಒಲೆ ಒಡೆಸಿದರು. ಗೀಸರ್ ಹಾಕಲು ಮೆಕ್ಯಾನಿಕ್ ಯಾಕೆ ಎಂದು ತಾವೇ ಗೋಡೆ ಕೊರೆದರು. ಜೊತೆಗೆ ಬಂದಿದ್ದ ಕಾಗದವನ್ನು ಬಿಚ್ಚಿಯೂ ನೋಡದೆ ಮಡಚಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲಿನಡಿ ಇಟ್ಟರು.

ಅಮ್ಮನಿಗೆ ಹಸು, ಡೈರಿ, ಹೊಲ ಬಿಟ್ಟರೆ ಪುರುಸೊತ್ತಿಲ್ಲ. ಬಾಣಂತಿಗೆ ನೀರು ಹಾಕುವವಳು ಅಜ್ಜಿ ದೊಡ್ಡತಾಯಮ್ಮ. ಬಾಣಂತಿಗೆ ಗಾಳಿ ಸೋಕಬಾರದು ಎಂಬುದು ಅಜ್ಜಿಗೆ ಈ ಲೋಕದ ಮೊದಲನೆಯ ಕಾನೂನು. ಬಚ್ಚಲಿಗಿದ್ದ ಒಂದೇ ಸಣ್ಣ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಬಾಗಿಲಿನ ಅಡಿಗೆ ಹಳೇ ಸೀರೆ. ಒಳಗೆ ಅಜ್ಜಿ, ಅಕ್ಕ, ಇಪ್ಪತ್ತು ದಿನದ ಕೂಸು, ಒಂದು ಗಂಟೆ. ಹತ್ತು ನಿಮಿಷಕ್ಕೆಲ್ಲ ಉರಿ ಹಳದಿಗೆ ತಿರುಗಿ, ನಡುಗಿ, ಆರಿಹೋಗುತ್ತಿತ್ತು; ಅಜ್ಜಿ ಮತ್ತೆ ಮತ್ತೆ ಹಚ್ಚುತ್ತಿದ್ದಳು.

ಭಾವ ರಜೆ ಹಾಕಿ ಬಂದರು. ಪ್ಯಾಂಟು ಮಡಚಿಕೊಂಡು ಬಚ್ಚಲಿಗಿಳಿದು, ಬೆರಳು ಒದ್ದೆ ಮಾಡಿ ಗೋಣಿಯ ಮುಂದೆ ಹಿಡಿದರು.

"ಅಜ್ಜಿ, ಸಂದೀಲಿ ಗಾಳಿ ನುಗ್ತಾ ಇದೆ. ಅದೇ ಉರಿನ ಆರಿಸ್ತಾ ಇರೋದು."

"ನಾ ಬಡ್ಕಂಡೆ ಕಣಪ್ಪ! ಆ ಕಿಟ್ಕಿನೇ ಇಕ್ಬಾರ್ದಿತ್ತು. ನನ್ ಮಾತ ಯಾರ್ ಕೇಳಾರು?"

ಇಬ್ಬರು ಪಂಡಿತರೂ ಒಪ್ಪಿದ ಮೇಲೆ ಇನ್ನೇನು? ಗೋಣಿಯ ಸುತ್ತ ಅಗಲದ ಟೇಪು ಬಿತ್ತು. ಮರುದಿನ ಉರಿ ಐದೇ ನಿಮಿಷಕ್ಕೆ ಆರಿತು. ಭಾವ ಯೋಚಿಸಿದರು. ಯೋಚಿಸಿ, ಇನ್ನೊಂದು ಸುತ್ತು ಟೇಪು ಹಾಕಿದರು.

ಅವತ್ತು ಅಕ್ಕ ಹೊರಗೆ ಬಂದವಳೇ ಗೋಡೆ ಹಿಡಿದು ವಾಂತಿ ಮಾಡಿದಳು. ತಲೆ ಸಿಡಿಯುತ್ತಿದೆ ಎಂದಳು. ಕೂಸು ಹಾಲು ಕುಡಿಯದೆ ಮಂಕಾಗಿ ಮಲಗಿತು. ಅಜ್ಜಿಗೂ ತಲೆ ಸುತ್ತಿತ್ತು.

"ಗಾಳಿ ಸೋಕೈತೆ," ಎಂದು ಅಜ್ಜಿ ಅಕ್ಕನ ಕಿವಿಗೆ ಇನ್ನೊಂದು ಬಟ್ಟೆ ಬಿಗಿದಳು.

ನಾನು ಸ್ಟೂಲಿನ ಅಡಿಯಿಂದ ಆ ಕಾಗದ ಎಳೆದು ತೆಗೆದೆ. ಅಕ್ಷರವೆಲ್ಲ ಇಂಗ್ಲಿಷು. ಆದರೆ ಚಿತ್ರಗಳಿದ್ದವು. ತೆರೆದ ಕಿಟಕಿ, ಪಕ್ಕದಲ್ಲಿ ಸರಿ ಗುರುತು. ಮುಚ್ಚಿದ ಕಿಟಕಿ, ಕೆಳಗೆ ಆರಿದ ಉರಿ. ಕೊನೆಯದರಲ್ಲಿ ಮುಚ್ಚಿದ ಬಚ್ಚಲು, ನೆಲದ ಮೇಲೆ ಕಣ್ಣು ಮುಚ್ಚಿ ಬಿದ್ದ ಮನುಷ್ಯ, ಮೇಲೊಂದು ತಲೆಬುರುಡೆ. ಇದು ತಿಳಿಯಲು ಡಿಪ್ಲೊಮಾ ಬೇಕಿರಲಿಲ್ಲ. ಒಳಗೆ ಉಸಿರಾಡುವ ಗಾಳಿ ಕೆಟ್ಟರೆ ಉರಿ ತಾನಾಗಿ ಆರುವಂತೆ ಮಾಡಿದ್ದರು. ಆ ಬಚ್ಚಲಲ್ಲಿ ಬುದ್ಧಿಯಿದ್ದದ್ದು ಆ ಪೆಟ್ಟಿಗೆಗೊಂದೇ.

"ಭಾವ, ಇದ್ನ ನೋಡಿ. ಕಿಟ್ಕಿ ಮುಚ್ಬಾರ್ದಂತೆ. ಜೀವಕ್ಕೆ ಅಪಾಯ ಅಂತೆ."

ಅವರು ಕಾಗದ ನೋಡಲಿಲ್ಲ, ನನ್ನನ್ನು ನೋಡಿದರು. "ಅಜ್ಜಿ, ಒಂಬತ್ತನೇ ಕ್ಲಾಸ್ ಫೇಲು ನಂಗೆ ಗೀಸರ್ ಪಾಠ ಮಾಡ್ತಾವ್ಳೆ, ಬನ್ನಿ ಕೇಳಿ."

ನಾನು ಫೇಲಾಗಿರಲಿಲ್ಲ, ಬಿಟ್ಟಿದ್ದೆ.

"ಓಗವ್ವ ಮೇಘಾ, ಸಾಂಬ್ರಾಣಿಗೆ ಕೆಂಡ ಮಾಡೋಗು," ಎಂದಳು ಅಜ್ಜಿ.

ಮಾರನೆಯ ಬೆಳಿಗ್ಗೆ ಭಾವ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿಕೊಂಡು, ಪೆಟ್ಟಿಗೆ ಬಿಚ್ಚಿ, ಒಂದು ತುಂಡು ವೈರು ಸೇರಿಸಿ ಮುಚ್ಚಿದರು.

"ಸೆನ್ಸರ್ ವೀಕು ಅಜ್ಜಿ. ಅದಕ್ಕೇ ಸುಮ್‌ಸುಮ್ನೆ ಆರಿಸ್ತಿತ್ತು. ಸೆನ್ಸರ್ನೇ ತಪ್ಸಿ ಡೈರೆಕ್ಟ್ ಮಾಡ್ಬಿಟ್ಟೆ. ಇನ್ ಪ್ರಳಯ ಆದ್ರೂ ಆರಲ್ಲ."

"ಅಳಿಯ ಅಂದ್ರೆ ಇವ್ನು ಕಣವ್ವ!"

ಬಾಗಿಲು ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದರೆ, ಕಿಂಡಿಯಲ್ಲಿ ಉರಿ ಹಳದಿಯಾಗಿ ಕುಣಿಯುತ್ತಿತ್ತು, ಆರುತ್ತಿರಲಿಲ್ಲ. ಭಾವ ಅದನ್ನು ತಮ್ಮ ಫೋಟೊ ನೋಡುವ ಹಾಗೆ ನೋಡಿದರು.

ಅಕ್ಕ ಒಳಗೆ ಹೋದಳು. ಹಿಂದೆ ಕೂಸನ್ನೆತ್ತಿಕೊಂಡು ಅಜ್ಜಿ. ಚಿಲಕ ಬಿತ್ತು. ಬಾಗಿಲಿನ ಅಡಿಗೆ ಒಳಗಿನಿಂದಲೇ ಸೀರೆ ತುರುಕಿದ್ದೂ ಆಯಿತು. ಭಾವ ಜಗುಲಿಯ ಮೇಲೆ ಕೂತು ಸ್ನೇಹಿತನಿಗೆ ಫೋನಿನಲ್ಲಿ ತಮ್ಮ ಸಾಹಸ ಹೇಳುತ್ತಿದ್ದರು.

ನಾನು ಹಿತ್ತಲಿಗೆ ಹೋಗಿ ಸಿಲಿಂಡರ್ ಆಫ್ ಮಾಡಿದೆ. ರೆಗ್ಯುಲೇಟರನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡೆ.

"ಅಯ್ಯೋ, ಆರೋಯ್ತು ಕಣಪ್ಪೋ!" ಒಳಗಿಂದ ಅಜ್ಜಿ ಕೂಗಿದಳು.

"ಚಾನ್ಸೇ ಇಲ್ಲ ಅಜ್ಜಿ!"

"ಚಾನ್ಸಂತೆ! ಬಾಣ್ತಿ ತಲೆ ಮ್ಯಾಲೆ ತಣ್ಣೀರು ಬಿತ್ತಲ್ಲೋ!"

ಹಿತ್ತಲ ಕಡೆಗಿದ್ದ ಬಚ್ಚಲಿನ ಚಿಲಕ ತೆರೆಯಿತು. ಅಕ್ಕ ಹೊದಿಕೆ ಸುತ್ತಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಖ ಬಿಳಿಚಿತ್ತು. ಅಜ್ಜಿಯ ತೋಳಲ್ಲಿ ಕೂಸು ಕಿರುಚಿ ಅಳುತ್ತಿತ್ತು. ಆ ಅಳು ಕೇಳಿ ನನಗೆ ಜೀವ ಬಂತು.

ಭಾವ ಹಿತ್ತಲಿಗೆ ಓಡಿ ಬಂದರು. ಹೆಂಡತಿಯನ್ನು ದಾಟಿಕೊಂಡೇ ಬಂದರು. ನನ್ನ ಕೈಯಲ್ಲಿದ್ದ ರೆಗ್ಯುಲೇಟರ್ ಕಂಡು ಕಣ್ಣು ಕೆಂಪಗೆ ಮಾಡಿದರು.

"ಏಯ್, ತಲೆ ಕೆಟ್ಟಿದ್ಯಾ ನಿಂಗೆ? ಕೊಡು ಇಲ್ಲಿ."

ಹಿಡಿತ ಬಿಗಿ ಮಾಡಿದೆ. ಕೊಡಲಿಲ್ಲ.

"ಕೊಡೇ ಅವ್ರಿಗೆ," ಎಂದಳು ಅಜ್ಜಿ. "ಬಾಣ್ತಿ ನೆನ್ಕಂಡು ನಿಂತವ್ಳೆ, ಕಾಣಾಕಿಲ್ವಾ?"

ನನಗೆ ಕಾಣುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದು ಹಿತ್ತಲಿನ ಗಾಳಿ ಎಳೆದುಕೊಳ್ಳುತ್ತಿದ್ದಳು.

"ಆ ವೈರ್ ತೆಗೆದು, ಗೋಣಿ ಕಿತ್ತಾಕಿ ಭಾವ," ಎಂದೆ.

ಭಾವ ಚಾಚಿದ ಕೈ ಹಾಗೇ ಇತ್ತು. ಅಜ್ಜಿ ಅಕ್ಕನ ತಲೆಗೆ ಬಟ್ಟೆ ಸುತ್ತತೊಡಗಿದಳು.