ಅತ್ತಿಗುಪ್ಪೆಯಲ್ಲಿ ಬಿದ್ದವನು

ಕೀರ್ತನಾ ಕಾಲಿನ ಹೆಬ್ಬೆರಳಿನಿಂದ ವೈಫೈ ಪೆಟ್ಟಿಗೆಯ ಸ್ವಿಚ್ ಒತ್ತಿದಳು. ಹಸಿರು ದೀಪಗಳು ಆರಿದವು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗಿರಿಜಾದೇವಿ ಮೇಡಂ ಬಾಯಿ ಅರ್ಧ ತೆರೆದುಕೊಂಡು ಹಾಗೆಯೇ ನಿಂತುಬಿಟ್ಟರು.

"ಲೇ, ನಾನ್ ಮಾತಾಡ್ತಾ ಇದ್ದೆ!" ಕವನಾ ಕುರ್ಚಿ ತಳ್ಳಿ ಎದ್ದಳು. "ಮಾರ್ಕ್ಸ್ ಕೊಡೋ ಕ್ಲಾಸ್ ಕಣೇ ಅದು!"

"ನಂಗೆ ಪ್ಲಗ್ ಬೇಕು." ಕೀರ್ತನಾ ಪೆಟ್ಟಿಗೆಯ ವೈರು ಕಿತ್ತು, ಕೂದಲು ನೇರ ಮಾಡುವ ಮೆಷಿನ್ನನ್ನು ಅಲ್ಲಿಗೇ ಚುಚ್ಚಿದಳು. "ರೆಕಾರ್ಡಿಂಗ್ ಬರುತ್ತಲ್ಲ, ನೋಡ್ಕೋ. ಹೆಂಗೂ ಬೇರೆಯೋರು ಹೇಳಿದ್ದನ್ನ ತಿರುಗಿ ಹೇಳೋದೇ ತಾನೇ ನಿಮ್ ಕೋರ್ಸು."

ಈ ಮಾತು ಅವಳದಲ್ಲ, ಅವಳ ಅಪ್ಪ ಭೈರೇಶನದು. ಕವನಾಗೆ ಆತ ದೊಡ್ಡಪ್ಪ. ನಾಗರಬಾವಿಯ ಹಳೇ ಊರಿನಲ್ಲಿ ಲಾ ಕಾಲೇಜಿನ ಹುಡುಗರಿಗೆ ಮೇಲಿನ ಎರಡು ಮಹಡಿ ಬಾಡಿಗೆಗೆ ಕೊಟ್ಟು, ಕೆಳಗಿನದರಲ್ಲಿ ಅಣ್ಣತಮ್ಮಂದಿರ ಸಂಸಾರಗಳು ಒಟ್ಟಿಗಿದ್ದ ಆ ಮನೆಯಲ್ಲಿ ದೊಡ್ಡಪ್ಪನ ಮಾತನ್ನು ಎಲ್ಲರೂ ತಮ್ಮದೆಂದೇ ಆಡುತ್ತಿದ್ದರು. ಕವನಾಳ ಅಪ್ಪನಿಗೆ ಆಡಲು ಬೇರೆ ಮಾತೇ ಇರಲಿಲ್ಲ. ಆನ್‌ಲೈನ್ ಎಂ.ಎ.ಯಲ್ಲಿ ಸೆಕೆಂಡರಿ ರಿಸರ್ಚ್ ಎಂಬ ಪೇಪರ್ ಇದೆ, ಅಂದರೆ ಯಾರನ್ನೂ ಹೋಗಿ ಕೇಳದೆ, ಈಗಾಗಲೇ ಬರೆದಿಟ್ಟದ್ದನ್ನು ಹುಡುಕಿ, ತೂಗಿ, ಸುಳ್ಳು ಯಾವುದು ನಿಜ ಯಾವುದು ಎಂದು ಬೇರ್ಪಡಿಸುವ ವಿದ್ಯೆ ಎಂದು ಅವಳು ವಿವರಿಸಿದ ದಿನ ದೊಡ್ಡಪ್ಪ ಬಾಳೆಹಣ್ಣು ಸುಲಿಯುತ್ತಾ ಹೇಳಿದ್ದ: "ಇನ್ನೊಬ್ರು ಅಗಿದಿದ್ದನ್ನ ಮತ್ತೆ ಅಗಿಯೋದು. ಅದನ್ನ ಎಮ್ಮೆ ದುಡ್ಡಿಲ್ಲದೇನೇ ಮಾಡುತ್ತೆ."

ಆದರೆ ಅದೇ ದೊಡ್ಡಪ್ಪ ಹೋದ ವಾರ ಅವಳನ್ನು ಹಾಲ್‌ಗೆ ಕರೆದಿದ್ದ.

ಕೆಂಗೇರಿಯ ದರ್ಶನ್ ಎಂಬ ಹುಡುಗ ಕೀರ್ತನಾಳನ್ನು ನೋಡಿಕೊಂಡು ಹೋಗಿದ್ದ. ಮೆಟ್ರೋದಲ್ಲಿ ಕೆಲಸ, ಸ್ವಂತ ಮನೆ, ಒಬ್ಬನೇ ಮಗ. ಮಾತು ಮುಗಿದು ತಾಂಬೂಲ ಬದಲಾಯಿಸುವುದಷ್ಟೇ ಬಾಕಿ ಎನ್ನುವಾಗ ಫೋನುಗಳಿಗೆ ಮೆಸೇಜು ಬರಲು ಶುರುವಾಯಿತು. ಹುಡುಗನಿಗೆ ಮೂರ್ಛೆ ರೋಗವಂತೆ. ದೀಪಾವಳಿ ಹಿಂದಿನ ದಿನ ಡ್ಯೂಟಿಯಲ್ಲಿದ್ದಾಗಲೇ ಬಿದ್ದು ಒದ್ದಾಡಿದನಂತೆ. ಕೈಗೆ ಬೀಗದಕೈ ಗೊಂಚಲು ಹಿಡಿಸಿ ಎಬ್ಬಿಸಿದರಂತೆ. ದೊಡ್ಡಮ್ಮ ಗಂಗಲಕ್ಷ್ಮಮ್ಮನ ಭಜನೆ ಗುಂಪಿನಲ್ಲಿ ಬಂತು, ದೇವಸ್ಥಾನದ ಟ್ರಸ್ಟಿನ ಗುಂಪಿನಲ್ಲಿ ಬಂತು, ಸಂಬಂಧ ತಂದ ದಲ್ಲಾಳಿಯೇ ಯಾರೋ ಕಳಿಸಿದ್ದು ಎಂದು ತೋರಿಸಿದ.

"ಮೂರು ಕಡೆಯಿಂದ ಬಂದಿದೆ. ಮೂರು ಜನಾನೂ ಸುಳ್ಳು ಹೇಳ್ತಾರಾ?" ದೊಡ್ಡಪ್ಪ ಅವಳ ಮುಂದೆ ಫೋನ್ ಎಸೆದಂತೆ ಇಟ್ಟ. "ಹೋಗಿ ಕೇಳಿದ್ರೆ ಕೆಂಗೇರಿಯೋರ ಮುಂದೆ ನಮ್ಮ ಮಾನ ಹೋಗುತ್ತೆ. ಕೇಳ್ದಂಗೆ ಪತ್ತೆ ಹಚ್ಚೋ ವಿದ್ಯೆ ಓದ್ತೀನಿ ಅಂತೀಯಲ್ಲ, ಹಚ್ಚು ನೋಡೋಣ."

"ಹಚ್ಚಿದ್ರೆ?"

"ಹಚ್ಚಿದ್ರೆ ಎಂ.ಎ. ಮುಗಿಯೋ ತನಕ ನಿನ್ನ ಮದುವೆ ಮಾತು ಯಾರೂ ಎತ್ತಲ್ಲ. ಹಚ್ಚಲಿಲ್ವಾ, ಆ ಡಬ್ಬ ಮುಚ್ಚಿ ಅಡುಗೆಮನೆಗೆ ಬಾ."

ಡಬ್ಬ ಎಂದರೆ ಲ್ಯಾಪ್‌ಟಾಪ್. ಕವನಾ ಆಗಲಿ ಎಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ: ಕೋರ್ಸು ಮುಗಿಯುವವರೆಗೆ ಈ ಮನೆ ತನ್ನನ್ನು ಮರೆತಿರಬೇಕು. ಹುಡುಗನಿಗೆ ಕಾಯಿಲೆ ಇದ್ದರೇನು, ಔಷಧಿ ಇಲ್ಲವೇ ಎಂದು ಕೇಳುವ ಮನಸ್ಸಾಗಿತ್ತು. ಕೇಳಲಿಲ್ಲ. ಅದು ಅವಳಿಗೆ ಒಪ್ಪಿಸಿದ ಪ್ರಶ್ನೆಯಾಗಿರಲಿಲ್ಲ.

ಈಗ ಕ್ಲಾಸು ಕೆಟ್ಟ ಮೇಲೆ ಅವಳು ಹಾಸಿಗೆಯ ಮೇಲೆ ಕೂತು ಆ ಮೂರು ಮೆಸೇಜುಗಳನ್ನು ಮತ್ತೆ ತೆರೆದಳು. ಪಕ್ಕದಲ್ಲಿ ಕೀರ್ತನಾಳ ಕೂದಲು ಕಾದು ಹೊಗೆಯ ವಾಸನೆ ಬರುತ್ತಿತ್ತು. ಗಿರಿಜಾದೇವಿ ಮೇಡಂ ಮೊದಲ ಕ್ಲಾಸಿನಲ್ಲೇ ಹೇಳಿದ್ದರು, ಎಷ್ಟು ಜನ ಹೇಳಿದರು ಎಂದು ಎಣಿಸಬೇಡಿ, ಎಲ್ಲರೂ ಎಲ್ಲಿ ತಪ್ಪಿದರು ಎಂದು ನೋಡಿ. ನೂರು ಜನ ಒಂದೇ ತಪ್ಪನ್ನು ಒಂದೇ ಥರ ಮಾಡಿದ್ದರೆ ಅವರು ನೂರು ಜನ ಅಲ್ಲ.

ಭಜನೆ ಗುಂಪಿನಲ್ಲಿ ದೇವರ ದಯೆ ಸೇರಿತ್ತು, ಟ್ರಸ್ಟಿನ ಗುಂಪಿನಲ್ಲಿ ಡಾಕ್ಟರ ಹೆಸರು ಸೇರಿತ್ತು, ದಲ್ಲಾಳಿಯದರಲ್ಲಿ ಬೈಗುಳ ಸೇರಿತ್ತು. ಆದರೆ ಮೂರರಲ್ಲೂ ಹುಡುಗ ಬಿದ್ದದ್ದು ಅತ್ತಿಗುಪ್ಪೆ ಸ್ಟೇಷನ್ನಿನಲ್ಲಿ.

ಅತ್ತಿಗುಪ್ಪೆ.

ಹೆಣ್ಣು ನೋಡುವ ದಿನ ಕವನಾ ಹಾಲ್‌ನ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಎಲ್ಲಿ ಡ್ಯೂಟಿ ಎಂದು ದೊಡ್ಡಪ್ಪ ಕೇಳಿದಾಗ ಹುಡುಗ ಹೇಳಿದ್ದು ಇಷ್ಟು: ಸೇರಿದಾಗಿನಿಂದ ಕೆಂಗೇರೀಲೇ ಸಾರ್, ಬೇರೆ ಸ್ಟೇಷನ್ನಲ್ಲಿ ಒಬ್ಬರು ರಜಾ ಹಾಕಿದ್ದಕ್ಕೆ ಈ ವಾರ ಮಾತ್ರ ಅತ್ತಿಗುಪ್ಪೆ. ಆ ಹೊತ್ತಿಗೆ ದೀಪಾವಳಿ ಕಳೆದು ತಿಂಗಳಾಗಿತ್ತು. ದೀಪಾವಳಿಯಲ್ಲಿ ಅವನು ಅತ್ತಿಗುಪ್ಪೆಯಲ್ಲಿ ಇರಲೇ ಇಲ್ಲ. ಅವನನ್ನು ಬಲ್ಲವರು ಕಥೆ ಕಟ್ಟಿದ್ದರೆ ಕೆಂಗೇರಿ ಎನ್ನುತ್ತಿದ್ದರು. ಅತ್ತಿಗುಪ್ಪೆ ಎಂಬ ಹೆಸರು ಆ ದಿನ ಈ ಹಾಲ್‌ನಿಂದ ಹೊರಟಿದ್ದು. ಹಾಲ್‌ನಲ್ಲಿದ್ದವರೆಲ್ಲ ಮಾತನ್ನು ಪೂರ್ತಿ ಕೇಳಿದ್ದರು. ಒಬ್ಬಳು ಮಾತ್ರ ಮಾತಿನ ಬಾಲಕ್ಕೆ ಸರಿಯಾಗಿ, ತಲೆ ತಗ್ಗಿಸಿಕೊಂಡು, ಕಾಫಿ ತಟ್ಟೆ ಹಿಡಿದು ಒಳಗೆ ಬಂದಿದ್ದಳು.

ಕವನಾ ತಲೆ ಎತ್ತಿದಳು. ಕೀರ್ತನಾ ಕನ್ನಡಿಯೊಳಗಿನಿಂದ ಅವಳನ್ನೇ ನೋಡುತ್ತಿದ್ದಳು.

"ಏನೇ ಗುರಾಯಿಸ್ತೀಯಾ?"

"ನೀನೇ ಅಲ್ವಾ?"

"ಏನು ನಾನೇ?"

"ಹುಡುಗನ್ನ ಅತ್ತಿಗುಪ್ಪೇಲಿ ಬೀಳ್ಸಿದ್ದು."

ಕೀರ್ತನಾ ಮೆಷಿನ್ನನ್ನು ಆರಿಸಿ ಎದ್ದು ಬಾಗಿಲು ಹಾಕಿದಳು. ಅಳುತ್ತಾಳೇನೋ ಎಂದುಕೊಂಡಿದ್ದ ಕವನಾಗೆ ಸಿಕ್ಕಿದ್ದು ನಗು.

"ಹೂಂ, ನಾನೇ. ನನ್ನ ಫ್ರೆಂಡ್ ವಚನಾ ಕೈಲಿ ಹಾಕಿಸ್ದೆ, ಅವಳಿಗೆ ಊರೆಲ್ಲಾ ಗುಂಪು. ಅವನ ಮುಖ ನೋಡಿದ್ಯಾ? ಪ್ಲಾಟ್‌ಫಾರ್ಮಲ್ಲಿ ಅನೌನ್ಸ್ ಮಾಡ್ದಂಗೆ ಮಾತಾಡ್ತಾನೆ."

"ಬೇಡ ಅಂತ ನಿಮ್ಮಪ್ಪಂಗೆ ಹೇಳ್ಬೇಕಿತ್ತು."

"ಹೇಳಿದೀನಿ. ಹಿಂದಿನ ಹುಡುಗ ಬಂದಾಗ್ಲೂ ಹೇಳ್ದೆ, ಅದರ ಹಿಂದಿನೋನು ಬಂದಾಗ್ಲೂ ಹೇಳ್ದೆ. ಇಷ್ಟ ಇಲ್ಲ ಅನ್ನೋದು ಈ ಮನೇಲಿ ಕಾರಣ ಅಲ್ಲ ಕಣೇ. ಅವನಿಗೆ ರೋಗ ಇರ್ಬೇಕು, ಇಲ್ಲ ನಂಗೆ ಬರ್ಬೇಕು."

ಒಂದು ಕ್ಷಣ ಕವನಾಳ ಕೋಪ ಸಡಿಲಾಯಿತು. ಫೋನನ್ನು ಮಗುಚಿಟ್ಟಳು ಕೂಡ. ಏನೂ ಸಿಗಲಿಲ್ಲ ಎಂದು ದೊಡ್ಡಪ್ಪನಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಡಬ್ಬ ಮುಚ್ಚಬೇಕು. ಇವಳು ಒಂದು ಮಾತು ಮೆತ್ತಗೆ ಕೇಳಿದ್ದರೆ, ಸುಮ್ಮನಿರು ಕಣೇ ಎಂದಿದ್ದರೆ, ಮುಚ್ಚುತ್ತಿದ್ದಳೋ ಏನೋ.

"ಹೇಳ್ಕೋ ಹೋಗು," ಎಂದಳು ಕೀರ್ತನಾ, ಕೂದಲನ್ನು ಬೆನ್ನಿಗೆ ಎಸೆದು. "ನಿನ್ನನ್ನ, ನಿನ್ನ ಬಿಟ್ಟಿ ಕೋರ್ಸನ್ನ ಯಾರು ನಂಬ್ತಾರೆ? ನಿಮ್ಮಪ್ಪಾನೇ ನಂಬಲ್ಲ."

ಕವನಾ ಬಾಗಿಲು ತೆಗೆದಳು.

ಹಾಲ್‌ನಲ್ಲಿ ದೊಡ್ಡಪ್ಪ ಟಿವಿಯ ಧ್ವನಿ ತಗ್ಗಿಸಿದ. ಅಪ್ಪ ಪೇಪರಿನ ಹಿಂದಿದ್ದ. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕವನಾ ನಿಂತುಕೊಂಡೇ, ಕ್ಲಾಸಿನಲ್ಲಿ ಹೇಳಲು ಬಿಡದಿದ್ದ ಮಾತೆಲ್ಲ ಈಗ ಬಂದಂತೆ, ಬಿಡಿಸಿ ಬಿಡಿಸಿ ಹೇಳಿದಳು. ಮೂರೂ ಮೆಸೇಜು ಒಂದೇ ಬಾಯಿಯದು ಎಂದಳು. ಮೂರರಲ್ಲೂ ಇರುವ ತಪ್ಪು ಒಂದೇ ಎಂದಳು. ಹುಡುಗನ ಮಾತು ಪೂರ್ತಿ ಕೇಳಿದವರು ಆ ತಪ್ಪು ಮಾಡುವುದಿಲ್ಲ, ಅರ್ಧ ಕೇಳಿದವರು ಮಾಡುತ್ತಾರೆ ಎಂದಳು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಬೀಳದಂತೆ ವಾಕ್ಯಗಳನ್ನು ಜೋಡಿಸಿದ್ದಳು. ಅದರಲ್ಲಿ ಅವಳಿಗೆ ಒಂದು ಕೆಟ್ಟ ಸುಖವಿತ್ತು.

"ಅರ್ಧ ಕೇಳಿದೋರು ಅಂದ್ರೆ..." ದೊಡ್ಡಮ್ಮನ ಕೈ ಅವರೆಕಾಯಿಯ ಮೇಲೆ ನಿಂತಿತು. "ಕಾಫಿ ತಂದೋಳು."

ಕೀರ್ತನಾ ರೂಮಿನ ಬಾಗಿಲಿಗೆ ಒರಗಿ ನಿಂತಿದ್ದಳು.

"ನೀನಾ?" ದೊಡ್ಡಪ್ಪ ಕೇಳಿದ.

"ನಾನೇ. ಇನ್ನೊಂದ್ಸಲ ಅವನ ಹೆಸರೆತ್ತಿದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ, ಹಬ್ಬಿಸಿದ್ದು ನಾನು ಅಂತ. ಆಮೇಲೆ ಅವರ ಮನೇಲಿ ನನಗೆ ಆರತಿ ಎತ್ತುತಾರಾ, ನೋಡೋಣ." ಕವನಾಳ ಕಡೆ ತಿರುಗಿ, "ಹೊಟ್ಟೆ ತುಂಬ್ತಾ?" ಎಂದು ಕೇಳಿ ಬಾಗಿಲನ್ನು ಬಡಿದಳು.

ದೊಡ್ಡಪ್ಪ ಕೂಗಾಡುತ್ತಾನೆ ಎಂದು ಎಲ್ಲರೂ ಕಾದರು. ಅವನು ಟಿವಿ ಆರಿಸಿದ. ಕೆಂಗೇರಿಯವರಿಗೆ ಮಾತು ಕೊಟ್ಟ ಮನುಷ್ಯ ಅವನು. ಮೊಣಕಾಲು ಉಜ್ಜಿಕೊಳ್ಳುತ್ತಾ ಕವನಾಳನ್ನು ಮೊದಲ ಬಾರಿ ನೋಡುತ್ತಿರುವವನಂತೆ ನೋಡಿದ.

"ಕೂತ್ಕೋ ಮಗಳೇ. ಬುದ್ಧಿ ಇದೆ ನಿಂಗೆ, ನಾನೇ ತಪ್ಪು ತಿಳ್ಕೊಂಡಿದ್ದೆ. ಹಂಗಾದ್ರೆ ಹುಡುಗನಲ್ಲಿ ಐಬಿಲ್ಲ."

"ಐಬಿದೆ ಅನ್ನೋಕೆ ಆಧಾರ ಇಲ್ಲ ಅಂದೆ ದೊಡ್ಡಪ್ಪ. ಇಲ್ಲ ಅಂತ ಅಂದಿಲ್ಲ."

"ಅದೇ, ಅದೇ. ಈ ಮನೇಲಿ ಅವನ ವಿಚಾರ ಚೆನ್ನಾಗಿ ತಿಳ್ಕೊಂಡಿರೋಳು ನೀನೇ. ಕುಲ, ಬೆಡಗು ಎಲ್ಲಾ ನೋಡಾಗಿದೆ. ಅವಳಿಗೆ ಕೂಡಿದ್ದು ನಿಂಗೂ ಕೂಡುತ್ತೆ. ಅವರಿಗೂ ನಮ್ಮ ಮನೆ ಹುಡುಗಿ ಆದ್ರಾಯ್ತು."

ಅಪ್ಪನ ಪೇಪರು ಕೆಳಗಿಳಿಯಿತು. ಅವನ ಮುಖದಲ್ಲಿ ಕಂಡದ್ದು ಬೆರಗಲ್ಲ, ಆಸೆ.

"ನೀವು ಮಾತು ಕೊಟ್ಟಿದ್ರಿ," ಎಂದಳು ಕವನಾ. "ಎಂ.ಎ. ಮುಗಿಯೋ ತನಕ ಯಾರೂ ಎತ್ತಲ್ಲ ಅಂತ."

"ಬರ್ದು ಕೊಟ್ಟಿದ್ನಾ?" ದೊಡ್ಡಪ್ಪ ನಕ್ಕ. "ಬರ್ದಿದ್ದೇ ಲೆಕ್ಕ ಅಲ್ವಾ ನಿಮ್ಮ ಕೋರ್ಸಲ್ಲಿ? ಓದು, ಯಾರು ಬೇಡ ಅಂದ್ರು? ಕೆಂಗೇರೀಲೂ ವೈಫೈ ಇರುತ್ತೆ. ನಾನೇ ಹೇಳ್ತೀನಿ ಅವರಿಗೆ, ಹುಡುಗಿ ಓದು ಮುಗಿಸ್ಲಿ ಅಂತ. ಬೇಕಾದ್ರೆ ಪಿ.ಎಚ್‌ಡಿ.ನೂ ಮಾಡು."

"ಒಳ್ಳೇ ಹುಡುಗ ಕಣಮ್ಮ," ಎಂದ ಅಪ್ಪ.

"ಬೇಡ," ಎಂದಳು ಕವನಾ.

"ಅಷ್ಟು ಬೇಗ ಹೇಳ್ಬೇಡ, ಯೋಚನೆ ಮಾಡು. ಭಾನುವಾರದ ತನಕ ಟೈಮ್ ತಗೋ."

"ಭಾನುವಾರಾನೂ ಬೇಡ, ಆಮೇಲೂ ಬೇಡ. ನಾನು ಮಾಡ್ಕೊಳಲ್ಲ ದೊಡ್ಡಪ್ಪ."