ಅಂಗಾಲು

ಮೊಣಕೈವರೆಗೆ ಸೋಪು ಹಚ್ಚಿಕೊಂಡು ಬೆರಳ ಸಂದಿಗಳನ್ನು ತಿಕ್ಕುತ್ತಿದ್ದಾಗ ಬಿಂದುಮಾಧವನಿಗೆ ಹೊಳೆಯಿತು: ಇವತ್ತು ಹನ್ನೊಂದನೇ ದಿನ. ಇನ್ನು ನೆಪ ಉಳಿದಿಲ್ಲ.

ಏಳೇ ತಿಂಗಳಿಗೆ ಹುಟ್ಟಿದ ಮಗ ಒಳಗೆ ಗಾಜಿನ ಪೆಟ್ಟಿಗೆಯಲ್ಲಿದ್ದ. ಪುಣೆಯ ಈ ಆಸ್ಪತ್ರೆಯಲ್ಲಿ ಹೆತ್ತವರು ಹೊರಗೆ ಬೆಂಚಿನ ಮೇಲೆ ಕೂತು ಕಾಯುವ ಹಾಗಿಲ್ಲ. ಒಳಗೆ ಬಂದು ಲಂಗೋಟಿ ಬದಲಿಸಬೇಕು, ನಳಿಗೆಯಲ್ಲಿ ಹಾಲು ಬಿಡಬೇಕು, ದಿನಕ್ಕೊಂದು ತಾಸು ಕೂಸನ್ನು ಬರಿಯೆದೆಯ ಮೇಲೆ ಮಲಗಿಸಿಕೊಳ್ಳಬೇಕು. ಹೆಂಡತಿ ಸುರಭಿಗೆ ಹೆರಿಗೆಯ ಹೊಲಿಗೆ ಕೀವಾಗಿ ಜ್ವರ. ಅದು ಇಳಿಯುವವರೆಗೆ ಅವಳನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಎಲ್ಲವೂ ಇವನ ಪಾಲಿಗೆ ಬಂದಿತ್ತು.

ಮಾಡಿದ್ದನ್ನು ಚೆನ್ನಾಗಿಯೇ ಮಾಡಿದ್ದ. ಚಿಂಚವಾಡದ ಕಾರ್ಖಾನೆಯಲ್ಲಿ ಬೇರಿಂಗುಗಳನ್ನು ಅಳೆದು ಪಾಸು, ಫೇಲು ಬರೆಯುವ ಕೆಲಸ ಅವನದು. ಕೈ ನಡುಗುವುದಿಲ್ಲ. ಹಾಲು ಒಂದು ಹನಿಯೂ ಚೆಲ್ಲಲಿಲ್ಲ. ಹೊಸ ಅಪ್ಪಂದಿರಿಗೆ ಗೊಂಬೆ ಕೊಟ್ಟು ಕಲಿಸುವ ಕೋಣೆಯಲ್ಲಿ ಎಲ್ಲರಿಗಿಂತ ಬೇಗ ಕಲಿತವನೂ ಇವನೇ.

ಎದೆಯ ಮಾತು ಬಂದಾಗ ಮಾತ್ರ, "ನಮ್ಮಾಗ ಪುರುಡು ಮುಗಿಯೂ ತನಕ ಅಪ್ಪ ಕೂಸಿನ್ನ ಎದಿಗೆ ಹಚ್ಚಿಕೊಳ್ಳೂದಿಲ್ರಿ" ಎಂದುಬಿಟ್ಟಿದ್ದ. ಅಂಥ ಶಾಸ್ತ್ರ ಅವರ ಮನೆತನದಲ್ಲಿ ಯಾರೂ ಕೇಳಿರಲಿಲ್ಲ. ಜನಿವಾರ ಹಾಕಿಕೊಂಡೇ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿನ್ನುವವನಿಗೆ ಹತ್ತು ದಿನದ ಮೈಲಿಗೆ ನೆನಪಾದದ್ದು ಅವನಿಗೇ ತಮಾಷೆಯೆನಿಸಿತ್ತು. ಲಂಗೋಟಿ ಬದಲಿಸಲು ಅಡ್ಡ ಬಾರದ ಪುರುಡು ಎದೆಗೆ ಹೇಗೆ ಬಂತೆಂದು ನರ್ಸ್ ಹರ್ಷದಾ ಕೇಳಲಿಲ್ಲ. ಇನ್ನೊಬ್ಬರ ಆಚಾರಕ್ಕೆ ಮರ್ಯಾದೆ ಕೊಡುವವಳು. ಚಾರ್ಟಿನ ಮೂಲೆಯಲ್ಲಿ ಪುರುಡು ಮುಗಿಯುವ ತಾರೀಖು ಬರೆದುಕೊಂಡಳು.

ಅವನಿಗೆ ಭಯವಿರಲಿಲ್ಲ. ಇಷ್ಟು ದಿನ ಕೂಸನ್ನು ಮುಟ್ಟಿದಾಗ ಏನೂ ಅನಿಸಿರಲಿಲ್ಲ; ಎದೆಯ ಮೇಲೆ ಹಾಕಿಕೊಂಡಾಗಲೂ ಅನಿಸದಿದ್ದರೆ, ಆಮೇಲೆ ಕಾಯುವುದಕ್ಕಾದರೂ ಏನು ಉಳಿಯುತ್ತದೆ ಎಂಬುದೊಂದೇ ಕಾಡುತ್ತಿತ್ತು.

ಬೆಳಿಗ್ಗೆ ಮೇಲಿನ ವಾರ್ಡಿನಲ್ಲಿ ಸುರಭಿ ಕೇಳಿದ್ದಳು.

"ನಿನ್ನೆನೂ ಕೂಸಿನ್ನ ಎದಿ ಮ್ಯಾಲೆ ಹಾಕ್ಕೊಂಡಿದ್ರ್ಯಾ?"

"ಹೂಂ."

"ಹ್ಯಾಂಗನಸ್ತು?"

"ಬೆಚ್ಚಗಿತ್ತು."

ಅವಳು ಗೋಡೆಯ ಕಡೆ ಹೊರಳಿದಳು. "ನನಗ ಇನ್ನೂ ಮುಟ್ಲಿಕ್ಕೂ ಕೊಟ್ಟಿಲ್ಲ. ನೀವರೆ ಇದ್ದೀರಲ್ಲ."

ಇವನು ಅವಳ ಬಾಟಲಿಗೆ ನೀರು ತುಂಬಿಸಿಟ್ಟು ಕೆಳಗಿಳಿದಿದ್ದ.

"ಹನ್ನೊಂದು ದಿನ ಆತಲ್ಲ, ಬಾಬಾ?" ಎಂದಳು ಹರ್ಷದಾ, ಕೈ ತೊಳೆದು ಒಳಬಂದವನಿಗೆ. ಮಿರಜದವಳು, ಕನ್ನಡ ಬರುತ್ತಿತ್ತು. ಇಲ್ಲಿ ಅಪ್ಪಂದಿರೆಲ್ಲ ಬಾಬಾ, ಅಮ್ಮಂದಿರೆಲ್ಲ ಆಯಿ, ಹೆಸರಿನ ಗೊಡವೆಯಿಲ್ಲ.

"ಆತ್ರಿ."

ಅಂಗಿಯ ಗುಂಡಿ ಬಿಚ್ಚಿ ಒರಗುಕುರ್ಚಿಯಲ್ಲಿ ಕೂತ. "ಜನಿವಾರ ಬೆನ್ನಿಗೆ ಸರಸ್ರಿ. ನಳಿಗಿಗೆ ಸಿಕ್ಕತದ" ಎಂದು ಅವಳು ಕೂಸನ್ನು ತಂದು ಎದೆಯ ಮೇಲೆ ಕವುಚಿ ಹಾಕಿ, ಮೇಲೆ ಬಟ್ಟೆ ಸುತ್ತಿದಳು. ಒಂದೂವರೆ ಸೇರು ಅಕ್ಕಿಯಷ್ಟು ತೂಕ. ನಿಜಕ್ಕೂ ಬೆಚ್ಚಗಿತ್ತು. ಬೆಳಿಗ್ಗೆ ಸುರಭಿಗೆ ಹೇಳಿದ ಸುಳ್ಳು ಸರಿಯಾಗಿಯೇ ಇತ್ತಲ್ಲ ಎನಿಸಿತು.

ಕಾದ. ಹತ್ತು ನಿಮಿಷ, ಇಪ್ಪತ್ತು. ಪಕ್ಕದ ಕುರ್ಚಿಯಲ್ಲಿ ಒಬ್ಬ ತಾಯಿ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದಳು. ಇವನಿಗೆ ಬೆನ್ನು ಕೆರೆಯುತ್ತಿತ್ತು. ನಾಳೆ ಮೊದಲ ಪಾಳಿಯೋ ಎರಡನೆಯದೋ ಎಂದು ಯೋಚಿಸಿದ.

ಅಷ್ಟರಲ್ಲಿ ಎದೆಯ ಮೇಲಿನ ಪುಟ್ಟ ಏರಿಳಿತ ನಿಂತಿತು.

ಏಳು ತಿಂಗಳಿಗೇ ಹುಟ್ಟಿದ ಕೂಸುಗಳು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆಯುತ್ತವೆ. ಅಂಗಾಲಿಗೆ ಬೆರಳಿನಿಂದ ತಟ್ಟಿದರೆ ಸಾಮಾನ್ಯವಾಗಿ ಮತ್ತೆ ಶುರುಮಾಡುತ್ತವೆ. ಗೊಂಬೆಗೆ ತಟ್ಟಲು ಇವನಿಗೆ ಎರಡು ಸೆಕೆಂಡು ಹಿಡಿದಿತ್ತು. ಈಗ ಹೆಬ್ಬೆರಳಿನಷ್ಟು ಅಂಗಾಲು ಅವನ ಅಂಗೈಯಲ್ಲೇ ಇತ್ತು. ಎದುರಿನ ಪರದೆಯಲ್ಲಿ ಆಮ್ಲಜನಕದ ಅಂಕೆ ಇಳಿಯುತ್ತಿತ್ತು. ಎಂಬತ್ತೆಂಟು. ಎಂಬತ್ತೊಂದು. ಎಪ್ಪತ್ನಾಲ್ಕು. ಅವನು ಓದುತ್ತಿದ್ದ. ಅಳತೆ ತಪ್ಪಿತು, ಫೇಲು, ಎಂದು ಅವನೊಳಗೆ ಯಾರೋ ಷರಾ ಬರೆದರು. ಬೆರಳು ಏಳಲಿಲ್ಲ.

ಯಂತ್ರ ಕೂಗಿತು. ಹರ್ಷದಾ ಬಂದು ಬಗ್ಗಿ, ಅವನ ಅಂಗೈಯೊಳಗೆ ಕೈ ತೂರಿಸಿ ಎರಡು ಸಲ ತಟ್ಟಿದಳು. ಕೂಸು ಮುದುಡಿ, ಉಸಿರೆಳೆದುಕೊಂಡಿತು.

"ಹೆದರಿಬಿಟ್ರಿ. ಮೊದಲನೇ ದಿನ ಎಲ್ಲಾ ಬಾಬಾಗೋಳೂ ಹೆದರ್ತಾರ."

ಹೆದರಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

"ಹೌದ್ರಿ" ಎಂದ.

ತಾಸು ತುಂಬಿದ ಮೇಲೆ ಚಾರ್ಟು ತಂದಳು. ತಂದೆಯ ಸಹಭಾಗಿತ್ವ: ಉತ್ತಮ, ಎಂದು ಬರೆದಿದ್ದಳು. ಅವನು ಸಹಿ ಮಾಡಿದ.

ಮಧ್ಯಾಹ್ನ ಗೊಂಬೆಯ ಕೋಣೆಯಲ್ಲಿ ಮೂವರು ಹೊಸ ಅಪ್ಪಂದಿರು ಕೂತಿದ್ದರು. "ನೀವ ಒಮ್ಮೆ ಮಾಡಿ ತೋರಸ್ರಿ ಬಾಬಾ, ನಿಮ್ಮ ಕೈ ಭಾಳ ಚೊಕ್ಕ ಅದ" ಎಂದಳು ಹರ್ಷದಾ. ಅವನು ಜನಿವಾರ ಹಿಂದೆ ಸರಿಸಿ ಗೊಂಬೆಯನ್ನು ಎದೆಗೆ ಹಾಕಿಕೊಂಡ. ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಿದ್ದವನೊಬ್ಬ, ಉಸಿರು ನಿಂತರೆ ಏನು ಮಾಡಬೇಕೆಂದು ಮರಾಠಿಯಲ್ಲಿ ಕೇಳಿದ.

ಬಿಂದುಮಾಧವನ ಬೆರಳು ತಟ್ಟನೆ ಅಂಗಾಲಿಗೆ ಹೋಯಿತು. ತಟ್ಟಿದ. ಮತ್ತೆ ತಟ್ಟಿದ.

"ಸಾಕ್ರಿ, ತಿಳೀತು ಅವರಿಗೆ" ಎಂದಳು ಹರ್ಷದಾ.

ಅವನು ನಿಲ್ಲಿಸಲಿಲ್ಲ. ಹೊಸಬರು ಮೂವರೂ ಬೆರಳು ಮಡಿಸಿ ಅದೇ ಲಯದಲ್ಲಿ ತಮ್ಮ ತಮ್ಮ ಅಂಗೈ ತಟ್ಟಿಕೊಳ್ಳತೊಡಗಿದರು. ಬಿಂದುಮಾಧವ ಗೊಂಬೆಯ ಬೆನ್ನನ್ನೇ ನೋಡುತ್ತ, ಅದು ಉಸಿರೆಳೆದುಕೊಳ್ಳುವುದನ್ನು ಕಾಯುತ್ತಿದ್ದ.