ಹಣಮವ್ವನ ಬೆನ್ನು

ವಿಡಿಯೊ ಇದ್ದದ್ದು ಹನ್ನೊಂದೇ ಸೆಕೆಂಡು. ಅಕ್ಕಲಕೋಟೆಯ ಬಸ್ ಸ್ಟ್ಯಾಂಡು, ಬಗ್ಗಿ ನಿಂತ ಒಬ್ಬ ಮುದುಕಿ, ಅವಳ ಬೆನ್ನಿನ ಮೇಲೆ ಪೊಲೀಸನ ಲಾಠಿ: ಒಂದು, ಎರಡು, ಮೂರು. ಅಷ್ಟೇ. ಸಂಜೆಯೊಳಗೆ ಸೊಲ್ಲಾಪುರ ಜಿಲ್ಲೆಯೆಲ್ಲ ಕೊತಕೊತ ಕುದಿಯಿತು. ನವಿ ಪೇಠದ ಅಂಗಡಿಕಾರರು ಅರಿವೆ ಅಳೆಯುವುದನ್ನು ಬಿಟ್ಟು ಮೊಬೈಲು ನೋಡಿ ಹಲ್ಲು ಕಡಿದರು. ಹೆತ್ತವ್ವನಂಥವಳನ್ನು ಹೀಗೆ ಬಡಿಯುವುದೇ ಎಂದು ಕಂಡಕಂಡವರೆಲ್ಲ ಕಣ್ಣೀರಿಟ್ಟರು.

ಅತ್ತ ಚಪಳಗಾಂವದಲ್ಲಿ ಆ ಮುದುಕಿ, ಅಂದರೆ ನಮ್ಮ ಹಣಮವ್ವ, ಎರಡು ತಿಂಗಳ ಮೇಲೆ ಮೊದಲ ಸಲ ನೆಟ್ಟಗೆ ನಿಂತು, ಹಾಡು ಹೇಳುತ್ತ ಕುರಿಗಳಿಗೆ ನೀರು ಕುಡಿಸುತ್ತಿದ್ದಳು.

ನಡೆದದ್ದು ಇಷ್ಟು. ಆ ಪೊಲೀಸ್ ಅಮೋಗಸಿದ್ಧ ಬೇರೆ ಯಾರೂ ಅಲ್ಲ, ಅವಳೂರಿನ ಬೀರಪ್ಪನ ಪೂಜಾರಿ ಮನೆತನದವನು. ಸೊಂಟ ಹಿಡಿದವರು, ಬೆನ್ನು ಹಿಡಿದವರು ಆ ಮನೆಯವರ ಮುಂದೆ ಬಗ್ಗಿ ಕೋಲಿನಿಂದ ಮೂರು ಏಟು ತಿಂದರೆ ನೋವು ಹೋಗುತ್ತದೆಂಬುದು ಊರಿನ ನಂಬಿಕೆ. ಕೋಲು ಯಾವುದಾದರೂ ನಡೆದೀತು, ಕೈ ಮಾತ್ರ ಪೂಜಾರಿಯದೇ ಆಗಬೇಕು. ಅಜ್ಜ ಪೂಜಾರಿ ಹೋದ ವರ್ಷ ತೀರಿಕೊಂಡ. ಉಳಿದವನು ಈ ಮೊಮ್ಮಗ; ನೌಕರಿಯ ಗಡಿಬಿಡಿಯಲ್ಲಿ ಅವನು ಊರ ಕಡೆ ಮುಖ ಹಾಕಿರಲಿಲ್ಲ. ಅಂಥವನು ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ಸಿಕ್ಕರೆ ಹಣಮವ್ವ ಬಿಟ್ಟಾಳೆಯೇ?

“ಆಯಿ, ಡ್ಯೂಟಿ ಮ್ಯಾಲ ಅದೀನಿ. ಸುಟ್ಟಿ ಸಿಕ್ಕಾಗ ಊರಿಗಿ ಬರ್ತೀನಿ,” ಎಂದ ಅಮೋಗಸಿದ್ಧ.

“ನಿನಗ ಸುಟ್ಟಿ ಸಿಗೂತನಕ ನನ್ನ ಬೆನ್ನ ತಡೀಬೇಕಲ್ಲೋ! ಬೀರಪ್ಪ ಏನ್ ಸುಟ್ಟಿ ಮ್ಯಾಲ ಹೋಗ್ಯಾನೇನು? ಹೊಡಿ ಅಂದ್ರ ಹೊಡಿ,” ಎಂದು ಅವಳು ಅಲ್ಲೇ ಬಗ್ಗಿದಳು.

ಅವನು ಹೂವು ಮುಟ್ಟಿಸಿದಷ್ಟು ಮೆಲ್ಲಗೆ ಮೂರು ಏಟು ಹಾಕಿದ, ಲಾಠಿ ಕೆಳಗಿಟ್ಟು ಅವಳ ಕಾಲಿಗೆ ಬಿದ್ದ. ಕಾಲಿಗೆ ಬೀಳುವಷ್ಟರಲ್ಲಿ ವಿಡಿಯೊ ತೆಗೆಯುತ್ತಿದ್ದ ಪುಣ್ಯಾತ್ಮ ಮೊಬೈಲು ಕಿಸೆಗಿಟ್ಟು ಬಸ್ ಹತ್ತಿಯಾಗಿತ್ತು.

ಮೂರನೆಯ ದಿನ ಮುಖಂಡರು ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಚಪಳಗಾಂವಕ್ಕೆ ಬಂದರು, ಹಿಂದೆಯೇ ಟಿವಿಯವರು. ಪೊಲೀಸ್ ಹೊಡೆದದ್ದು ನಿಜವೇ ಎಂದು ಮರಾಠಿಯಲ್ಲಿ ಕೇಳಿದರು.

“ಹೂಂರಿ, ಹೊಡ್ದಾನ. ಮೂರ ಏಟ ಹೊಡ್ದಾನ. ಹೊಡಿ ಅಂತ ನಾನೇ ಬೆನ್ನ ಕೊಟ್ಟೀನಿ. ಈಗ ನೋಡ್ರಿ, ಹತ್ತಿ ಅಳ್ಳಿ ಆದಂಗ ಹಗುರ ಆಗೇತಿ,” ಎಂದಳು. ಮೊಮ್ಮಗಳು ಶೀತಲ ಒಂದು ಮಾತೂ ಬಿಡದೆ ಅದನ್ನೆಲ್ಲ ಮರಾಠಿಯಲ್ಲಿ ಹೇಳಿದಳು. ಸಂಜೆ ಟಿವಿಯಲ್ಲಿ ಬಂದದ್ದು ಮೊದಲಿನ ಎರಡು ಮಾತು ಮಾತ್ರ. ಉಳಿದದ್ದನ್ನು ಕತ್ತರಿ ನುಂಗಿತ್ತು. ಮರುದಿನ ಅಮೋಗಸಿದ್ಧನನ್ನು ಸಸ್ಪೆಂಡ್ ಮಾಡಿದರು.

“ಅಯ್ಯ ನನ್ನ ಬೀರಪ್ಪಾ! ನನ್ನ ಬಾಯಿಲೇನೇ ಆ ಹುಡುಗನ ಅನ್ನಾ ಕಸಗೊಂಡೆನಲ್ಲೋ!” ಹಣಮವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅವನ ನೌಕರಿ ಹೋದರೆ ತಾನು ಬದುಕಿದ್ದೂ ದಂಡ ಅನ್ನಿಸಿತು. ಶೀತಲಳ ಕೈ ಹಿಡಿದು ಸೊಲ್ಲಾಪುರದ ಬಸ್ ಹತ್ತಿದಳು.

ಪೊಲೀಸ್ ಕಚೇರಿಯಲ್ಲಿ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಶ್ರದ್ಧಾ ಮೇಡಂ ಒಳ್ಳೆಯ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು, “ಆಜೀ, ಅಂಜಬ್ಯಾಡ್ರಿ. ಹಿಂಗ ಹೇಳಂತ ಪೊಲೀಸ್ರು ಯಾರರೆ ಧಮ್ಕಿ ಕೊಟ್ಟಾರೇನ್ರಿ?” ಎಂದಳು.

ಹಣಮವ್ವನಿಗೆ ಸಿಟ್ಟು ನೆತ್ತಿಗೇರಿತು. “ಪೊಲೀಸರ ಹೊಡತ ಹೆಂಗಿರ್ತೈತಿ ಅಂತ ನನಗ ಕಲಸಬ್ಯಾಡ ತಂಗಿ. ಕುರಿ ರಸ್ತಾಕ ಅಡ್ಡ ಬಂದ್ವು ಅಂತ ನನ್ನ ಗಂಡ ರೇವಣ್ಣಗ ಹೊಡ್ದಿದ್ರು. ಮುಂದ ಸಾಯೂತನಕ ಆ ಬಲಗೈಲೆ ಕುರಿ ಉಣ್ಣೆ ಕತ್ತರಸಲಿಲ್ಲ ಅಂವ. ಅವತ್ತ ಯಾರೂ ವಿಡಿಯೊ ತಗೀಲಿಲ್ಲ, ಯಾರೂ ಶಾಲ ತರಲಿಲ್ಲ. ಅದು ಹೊಡತ. ಇದು ಪ್ರಸಾದ. ಎರಡೂ ತಿಳದಾಕಿ ನಾನು. ಎರಡೂ ಬರಕೋ!”

ಮೇಡಂ ತಲೆ ತಗ್ಗಿಸಿ ಎರಡನ್ನೂ ಬರೆದಳು, ಬರೆದದ್ದನ್ನು ಓದಿ ಹೇಳಿದಳು. ರೇವಣ್ಣನ ಹೆಸರು ಆ ಕಾಗದದಿಂದ ಕೇಳಿದಾಗ ಹಣಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಷ್ಟು ವರ್ಷ ಯಾರೂ ಬರೆದುಕೊಳ್ಳದ ಮಾತು ಅದು.

“ನಾ ನಂಬ್ತೀನಿ ಆಜೀ. ಮಂದಿ ನಂಬಬೇಕಲ್ಲ? ಅವರು ಕಣ್ಣಲೆ ಕಂಡಾರ,” ಎಂದಳು ಮೇಡಂ.

“ಕಂಡದ್ದ ಅರ್ಧಾ. ಪೂರಾ ತೋರಸೂಣು ನಡಿ.”

ಹೊರಗೆ ಅಂಗಳದಲ್ಲಿ ಕ್ಯಾಮೆರಾಗಳು ಕಾಯುತ್ತಿದ್ದವು. ವಿಚಾರಣೆಗೆಂದು ಬಂದಿದ್ದ ಅಮೋಗಸಿದ್ಧ ಗೋಡೆಗೆ ಒರಗಿ ನಿಂತಿದ್ದ, ಮುಖದಲ್ಲಿ ಕಳೆಯೇ ಇಲ್ಲ. ಹಣಮವ್ವ ತನ್ನ ಊರುಗೋಲನ್ನು ಅವನ ಕೈಗೆ ತುರುಕಿ ಎಲ್ಲರ ಮುಂದೆ ಬಗ್ಗಿದಳು.

“ಬ್ಯಾಡ ಆಯಿ! ಇನ್ನೊಮ್ಮೆ ಕೋಲ ಎತ್ತಿದ್ರ ನನ್ನ ನೌಕರಿ ಮುಗೀತು!”

“ಎತ್ತಲಿಲ್ಲಂದ್ರ ಮುಗೀತೈತೋ ಹುಚ್ಚಪ್ಪಾ!”

ಅವನು ಮೇಡಂ ಕಡೆ ನೋಡಿದ. ಅವಳು ಟಿವಿಯವರ ಕಡೆ ತಿರುಗಿ, “ಸುರುದಿಂದ ಆಖೇರಿತನಕ ತಗೀರಿ. ಯಾರೂ ನಡುವ ಕತ್ತರಸಬ್ಯಾಡ್ರಿ,” ಎಂದಳು. ಅಮೋಗಸಿದ್ಧ ಕಣ್ಣು ಮುಚ್ಚಿದ, “ಬೀರೋಬಾಚ್ಯಾ ನಾವಾನಂ ಚಾಂಗಭಲಂ!” ಎಂದು ಬೀರಪ್ಪನಿಗೆ ಜಯಕಾರ ಹಾಕಿ ಮೂರು ಏಟು ಮುಟ್ಟಿಸಿದ, ಅಡ್ಡಬಿದ್ದ. ಹಣಮವ್ವ ಅವನ ಕೆನ್ನೆ ಸವರಿ ಲಟಲಟ ನೆಟಿಕೆ ಮುರಿದಳು. ಗೇಟಿನ ಪೊಲೀಸ್ ಮೊದಲು ನಕ್ಕ, ಆಮೇಲೆ ಅಂಗಳವೇ ನಕ್ಕಿತು.

ಮುಂದಿನ ಸೋಮವಾರ ಅಮೋಗಸಿದ್ಧ ಮತ್ತೆ ಖಾಕಿ ತೊಟ್ಟ. ಆದರೆ ಆ ದಿನ ಅಂಗಳದಲ್ಲಿ ಮಜಾ ಇನ್ನೂ ಮುಗಿದಿರಲಿಲ್ಲ. ಚಾನೆಲ್ಲೊಂದರ ಕ್ಯಾಮೆರಾದವನು, ಆ ಭಾರವನ್ನು ಹತ್ತು ವರ್ಷ ಹೆಗಲ ಮೇಲೆ ಹೊತ್ತವನು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಹೆಗಲು ಒತ್ತಿಕೊಳ್ಳುತ್ತ, ನಾಚುತ್ತ ಹತ್ತಿರ ಬಂದ.

“ಆಜೀ, ನಂದೂ ಖಾಂದಾ ಭಾಳ ನೋಯ್ತದ್ರಿ. ತಡೀರಿ, ಕ್ಯಾಮೆರಾ ಬಂದ್ ಮಾಡಿ ಬರ್ತೀನಿ.”

“ಬಂದ್ ಮಾಡಿದೆಂದ್ರ ನೋಡು!” ಹಣಮವ್ವ ಅವನ ಕಾಲರ್ ಹಿಡಿದು ಅಲ್ಲೇ ಬಗ್ಗಿಸಿದಳು. “ಚಾಲೂ ಇರಲಿ. ಅಮೋಗ್ಯಾ, ಇವಂಗ ಜರಾ ಜೋರಲೆ ಹೊಡಿ.”